ಪ್ರಯಾಣದಲ್ಲಿ ಮೊಬೈಲು: ಮೊದಲ ಬೀಗ ಸಿಮ್ಮಿಗೆ

ಪ್ರಯಾಣದಲ್ಲಿ ಮೊಬೈಲು ಕಳೆದರೆ ಎಲ್ಲರೂ ಮೊದಲು ಮರುಗುವುದು ಫೋನಿನ ಬೆಲೆಗೆ. ಆದರೆ ಹೆಚ್ಚು ನಷ್ಟ ಮಾಡಬಲ್ಲದ್ದು ಅದರೊಳಗಿನ ಉಗುರಗಲದ ಸಿಮ್. ಬ್ಯಾಂಕು, ಯುಪಿಐ, ಆಧಾರ್, ವಾಟ್ಸಾಪ್ ಎಲ್ಲವೂ ಮಾಲೀಕನನ್ನು ಗುರುತಿಸುವುದು ಒಂದೇ ಮೊಬೈಲ್ ಸಂಖ್ಯೆಯಿಂದ. ಆ ಸಂಖ್ಯೆಗೆ ಬರುವ ಒಟಿಪಿ ಯಾರ ಕೈಯಲ್ಲಿದೆಯೋ ಅವರೇ ಸದ್ಯದ ಮಾಲೀಕರು.

ಕಳವಿಗೆ ಅವಕಾಶ ಸಿಗುವ ಗಳಿಗೆಗಳು ಎಲ್ಲರಿಗೂ ಗೊತ್ತಿರುವಂಥವೇ: ರೈಲು ನಿಧಾನಕ್ಕೆ ಹೊರಡುವಾಗ ಕಿಟಕಿಯ ಪಕ್ಕ ಹಿಡಿದ ಫೋನು, ನೂಕುನುಗ್ಗಲಿನಲ್ಲಿ ಬಸ್ ಹತ್ತುವಾಗಿನ ಅಂಗಿಯ ಜೇಬು, ರಾತ್ರಿ ಚಾರ್ಜಿಗೆ ಹಾಕಿ ನಿದ್ದೆ ಹೋದ ಬರ್ತು. ಪರದೆಗೆ ಬೆರಳಚ್ಚಿನ ಬೀಗವಿದೆ ಎಂಬ ಧೈರ್ಯ ಅರ್ಧ ಮಾತ್ರ ನಿಜ. ಸಿಮ್ ಕಳಚಿ ಬೇರೆ ಫೋನಿಗೆ ಹಾಕಿದರೆ ಅದು ಯಾವ ಪ್ರಶ್ನೆಯನ್ನೂ ಕೇಳದೆ ಒಟಿಪಿ ಪಡೆಯತೊಡಗುತ್ತದೆ. ಇಷ್ಟರಿಂದಲೇ ಖಾತೆ ಖಾಲಿಯಾಗದು, ಕಾರ್ಡಿನ ಅಥವಾ ಆಧಾರಿನ ವಿವರವೂ ಬೇಕು. ವಿಚಿತ್ರವೆಂದರೆ ಆ ಎರಡೂ ಎಷ್ಟೋ ಜನರ ಮೊಬೈಲ್ ಪೌಚಿನಲ್ಲೇ ಇರುತ್ತವೆ. 2023ರ ಜೂನ್ 11ರಂದು ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಕರ್ನಾಟಕದ ಸರ್ಕಾರಿ ಬಸ್ಸು ಹತ್ತುವ ಹೆಣ್ಣುಮಕ್ಕಳಿಗೆ ಗುರುತಿನ ಚೀಟಿ ಕೈಗೆ ಸಿಗುವಂತಿರಬೇಕು. ಅದನ್ನು ಫೋನಿನ ಹಿಂದೆ ಸಿಕ್ಕಿಸಿಕೊಳ್ಳುವುದು ಅನುಕೂಲ, ಆದರೆ ಕಳ್ಳನಿಗೂ ಅಷ್ಟೇ ಅನುಕೂಲ.

ಇದಕ್ಕೆ ಮದ್ದು ಸಿಮ್ ಲಾಕ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುವ ಈ ಸೌಲಭ್ಯವನ್ನು ಬಳಸುವವರು ಮಾತ್ರ ಕಾಣಸಿಗುವುದು ಕಡಿಮೆ. ಪಿನ್ ಇಟ್ಟರೆ ಸಿಮ್ಮನ್ನು ಯಾವ ಫೋನಿಗೆ ಹಾಕಿದರೂ, ಫೋನನ್ನು ಆರಿಸಿ ಹಚ್ಚಿದರೂ ಅದು ಆ ಸಂಖ್ಯೆಯನ್ನು ಕೇಳುತ್ತದೆ. ಮೂರು ಸಲ ತಪ್ಪಿದರೆ ಸಿಮ್ ಬೀಗ ಹಾಕಿಕೊಳ್ಳುತ್ತದೆ. ಬಿಡಿಸಲು ಕಂಪನಿ ಕೊಡುವ ಪಿಯುಕೆ ಸಂಖ್ಯೆ ಬೇಕು. ಅದನ್ನೂ ಹತ್ತು ಸಲ ತಪ್ಪಾಗಿ ಒತ್ತಿದರೆ ಸಿಮ್ ಕೆಲಸಕ್ಕೆ ಬಾರದು. ಹಾಗಾಗಿ ಮೊದಲು ಕಂಪನಿಯ ಮೂಲ ಪಿನ್ ಏನೆಂದು ಕೇಳಿಕೊಂಡೇ ಬದಲಿಸಬೇಕು, ಅದೂ ಹೊರಡುವ ಗಡಿಬಿಡಿಯಲ್ಲಲ್ಲ. ಇ-ಸಿಮ್ ಇದ್ದರೆ ಕಳಚುವ ಮಾತೇ ಇಲ್ಲ.

ಲಾಡ್ಜು, ಯಾತ್ರಿನಿವಾಸಗಳಲ್ಲಿ ಕೊಟ್ಟುಬರುವ ಆಧಾರ್ ಜೆರಾಕ್ಸಿನದು ಇನ್ನೊಂದು ಕಥೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ, ಜೆರಾಕ್ಸ್ ಪ್ರತಿಯನ್ನು ಕಂಡಕಂಡಲ್ಲಿ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ತಪ್ಪು ತಿಳಿವಳಿಕೆಗೆ ಎಡೆಯಾಗಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹೋಯಿತು, ಸೌಲಭ್ಯ ಉಳಿಯಿತು. ಮಾಸ್ಕ್ಡ್ ಪ್ರತಿಯಲ್ಲಿ ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ಪ್ರಾಧಿಕಾರದ ಜಾಲತಾಣದಿಂದ ಅದನ್ನು ಇಳಿಸಿಕೊಂಡು ಎರಡು ಮೂರು ಪ್ರತಿ ಚೀಲದಲ್ಲಿಟ್ಟುಕೊಂಡರೆ ಲಾಡ್ಜಿನ ಕೌಂಟರಿನಲ್ಲಿ ವಾದ ಮಾಡುವುದು ತಪ್ಪುತ್ತದೆ.

ಟಿಕೆಟ್ಟಿನ ಫೋಟೋ ಹಂಚುವುದು ಮೇಲ್ನೋಟಕ್ಕೆ ನಿರಪಾಯ. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ 2020ರಲ್ಲಿ ಬೋರ್ಡಿಂಗ್ ಪಾಸಿನ ಚಿತ್ರವನ್ನು ಇನ್‌ಸ್ಟಾಗ್ರಾಂಗೆ ಹಾಕಿದರು. ಅದರಲ್ಲಿದ್ದ ಬುಕಿಂಗ್ ಸಂಖ್ಯೆಯ ಎಳೆ ಹಿಡಿದ ಒಬ್ಬ ಆಸಕ್ತನಿಗೆ ವಿಮಾನ ಸಂಸ್ಥೆಯ ಜಾಲತಾಣದಿಂದ ಅವರ ಪಾಸ್‌ಪೋರ್ಟ್ ಸಂಖ್ಯೆ, ಫೋನ್ ಸಂಖ್ಯೆ ಎರಡೂ ಸಿಕ್ಕವು. ಆತ ಅದನ್ನು ದುರುಪಯೋಗ ಮಾಡದೆ ತಿಳಿಸಬೇಕಾದವರಿಗೆ ತಿಳಿಸಿದ್ದು ಅಬಾಟರ ಪುಣ್ಯ.

ಇದಕ್ಕೆ ಹೋಲಿಸಿದರೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರದ ಭಯ ಸ್ವಲ್ಪ ಅತಿಯಾಯಿತು. ಯುಎಸ್‌ಬಿ ಕಿಂಡಿಯ ಮೂಲಕ ಮಾಹಿತಿ ಕದಿಯುವ ‘ಜ್ಯೂಸ್ ಜಾಕಿಂಗ್’ ಸಾಧ್ಯತೆಯನ್ನು 2011ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನ ಹ್ಯಾಕರ್ ಸಮ್ಮೇಳನವೊಂದರಲ್ಲಿ ತೋರಿಸಲಾಯಿತು. ಎಚ್ಚರಿಕೆಗಳು ಅಂದಿನಿಂದಲೂ ಬರುತ್ತಿವೆ. ಆದರೆ ಇಂದಿನ ಫೋನುಗಳು ಅನುಮತಿ ಕೇಳದೆ ಮಾಹಿತಿ ಬಿಟ್ಟುಕೊಡುವುದಿಲ್ಲ. ಸ್ವಂತ ಚಾರ್ಜರನ್ನು ಗೋಡೆಯ ಪ್ಲಗ್ಗಿಗೆ ಹಾಕಿದರೆ ಹರಿಯುವುದು ಕರೆಂಟು ಮಾತ್ರ. ನಿಲ್ದಾಣದ ಉಚಿತ ವೈಫೈಯಲ್ಲಿ ಸುದ್ದಿ ಓದಲು ಅಡ್ಡಿಯಿಲ್ಲ, ಹಣದ ವ್ಯವಹಾರಕ್ಕೆ ಫೋನಿನದೇ ಡೇಟಾ ಸಾಕು.

ಇಷ್ಟಾಗಿಯೂ ಫೋನು ಹೋದರೆ ಕ್ರಮ ಮುಖ್ಯ. ಸಹಪ್ರಯಾಣಿಕರ ಫೋನಿನಿಂದ ಮೊದಲು ಸಿಮ್ ನಿಲ್ಲಿಸಬೇಕು, ಆಮೇಲೆ ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಗೂಗಲ್ ಅಥವಾ ಆಪಲ್ ಖಾತೆಯಿಂದ ದೂರದಲ್ಲಿದ್ದೇ ಫೋನಿಗೆ ಬೀಗ ಹಾಕಬಹುದು, ಅಳಿಸಲೂಬಹುದು. ಅದರ ಪಾಸ್‌ವರ್ಡ್ ನೆನಪಿರಬೇಕಷ್ಟೆ. ಪೊಲೀಸ್ ದೂರಿನ ಪ್ರತಿ ಕೈಗೆ ಬಂದ ಮೇಲೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಆ ಫೋನು ದೇಶದ ಯಾವ ಕಂಪನಿಯ ಜಾಲದಲ್ಲೂ ನಡೆಯದಂತೆ ತಡೆಯುತ್ತಾರೆ. ಅರ್ಜಿಗೂ ಒಟಿಪಿ ಬೇಕು, ಮತ್ತೆ ಪಡೆದ ಸಿಮ್ಮಿಗೆ ಎಸ್‌ಎಂಎಸ್ ಬರುವುದು 24 ಗಂಟೆಯ ನಂತರ. ಅರ್ಜಿಯಲ್ಲಿ ಕೇಳುವುದು ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ. *#06# ಒತ್ತಿದರೆ ಅದು ಪರದೆಯ ಮೇಲೆ ಬರುತ್ತದೆ. ಫೋನು ಕೈಯಲ್ಲಿರುವಾಗಲೇ ಒತ್ತಿ, ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ.