‘ಕಣ್ಣಿಗೆ ಹೂ ಬಿದ್ದಿದೆ’: ಪಶುನೇತ್ರ ರೋಗನಿದಾನ ಮತ್ತು ಪಶುವೈದ್ಯರ ನಿರಂತರ ಶಿಕ್ಷಣ

ದನದ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿಯ ಮಚ್ಚೆ ಕಾಣಿಸಿಕೊಂಡಾಗ ಕನ್ನಡ ನಾಡಿನ ರೈತರು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಾರೆ. ವರ್ಣನೆಯಾಗಿ ಈ ಮಾತು ಸೊಗಸಾದುದು, ನಿಖರವೂ ಆದುದು. ರೋಗದ ಹೆಸರಾಗಿ ಮಾತ್ರ ಇದು ಸಾಲದು. ಕಾರ್ನಿಯಾದ ಹಸಿ ಹುಣ್ಣು, ಮಾಯ್ದ ಹುಣ್ಣಿನ ಕಲೆ, ಕಾರ್ನಿಯಾಕ್ಕೆ ನೀರು ಸೇರಿ ಉಂಟಾದ ಮಂಜು, ಮಸೂರಕ್ಕೆ ಬಂದ ಪೊರೆ, ಕಣ್ಣಿನ ಒಳಕೋಣೆಯಲ್ಲಿ ನಿಂತ ಕೀವು, ಅಲ್ಲಿ ಸೇರಿಕೊಂಡ ಹುಳು ಇವೆಲ್ಲವೂ ದೂರದಿಂದ ನೋಡಿದವರಿಗೆ ಹೂವೇ. ಇವುಗಳಲ್ಲಿ ಒಂದಕ್ಕೆ ಔಷಧವಾದುದು ಇನ್ನೊಂದಕ್ಕೆ ವಿಷವಾಗಬಲ್ಲುದು ಎಂಬಲ್ಲಿಯೇ ಪಶುನೇತ್ರ ಚಿಕಿತ್ಸೆಯ ತೊಡಕು ಇದೆ. ಒಂದು ತಪ್ಪು ಹನಿಯಿಂದ ಉಳುವ ಎತ್ತಿನ ಕಣ್ಣು ಹೋದರೆ, ಸಂತೆಯಲ್ಲಿ ಅದರ ಬೆಲೆಯೂ ಹೋಗುತ್ತದೆ.

ಪ್ರಾಣಿಚಿಕಿತ್ಸೆಯ ಬರಹ ಕನ್ನಡಕ್ಕೆ ಹೊಸತಲ್ಲ. ಚಾಲುಕ್ಯ ಅರಸುಮನೆತನದ ಕೀರ್ತಿವರ್ಮನ ‘ಗೋವೈದ್ಯ’ ಹನ್ನೆರಡನೆಯ ಶತಮಾನದ ಕೃತಿ. ಆದರೆ ಕಣ್ಣಿನ ಒಳಭಾಗವನ್ನು ಜೀವಂತ ಪ್ರಾಣಿಯಲ್ಲಿ ಕಾಣುವ ಸಾಧನ ಯಾವ ನಾಡಿನ ವೈದ್ಯರ ಕೈಗೂ ಬಂದುದು ಬಹಳ ತಡವಾಗಿ. ಹೆಲ್ಮ್‌ಹೋಲ್ಟ್ಸ್ ತನ್ನ ನೇತ್ರದರ್ಶಕವನ್ನು ಪ್ರಕಟಪಡಿಸಿದುದು 1851ರಲ್ಲಿ. ಅದಕ್ಕೆ ಮುಂಚಿನ ನೇತ್ರವೈದ್ಯವೆಲ್ಲ ಅನಿವಾರ್ಯವಾಗಿ ಹೊರನೋಟದ ವೈದ್ಯ.

ಕರ್ನಾಟಕದಲ್ಲಿ ಆಧುನಿಕ ಪಶುವೈದ್ಯ ಪದವಿ ಶಿಕ್ಷಣಕ್ಕೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ನೆಲೆಯಾಯಿತು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯು ಪದವಿಗೂ ವೃತ್ತಿನೋಂದಣಿಗೂ ದೇಶವ್ಯಾಪಿ ಚೌಕಟ್ಟು ಒದಗಿಸಿತು. ಈಗಿನ ಪದವಿ ಶಿಬಿರಾಭ್ಯಾಸವೂ ಸೇರಿ ಐದೂವರೆ ವರ್ಷಗಳದು. ಅದರಲ್ಲಿ ನೇತ್ರಭಾಗವು ಶಸ್ತ್ರಚಿಕಿತ್ಸಾ ಪಾಠದ ಒಂದು ಅಧ್ಯಾಯವಾಗಿ ಬಂದು ಹೋಗುತ್ತದೆ. ಪದವಿ ಮುಗಿಸಿ ಹಳ್ಳಿಯ ಪಶುಚಿಕಿತ್ಸಾಲಯಕ್ಕೆ ಹೋದ ವೈದ್ಯರಿಗೆ ಲಸಿಕೆ, ಕೃತಕ ಗರ್ಭಧಾರಣೆ, ಕಷ್ಟದ ಹೆರಿಗೆ, ಕೆಚ್ಚಲುಬಾವು ಇವುಗಳ ನಡುವೆ ಕಣ್ಣಿನ ರೋಗಿ ಆಗೊಮ್ಮೆ ಈಗೊಮ್ಮೆ ಮಾತ್ರ ಎದುರಾಗುತ್ತದೆ. ವಿರಳವಾಗಿ ಬಳಸುವ ಕೌಶಲ ಬೇಗ ಮಾಸುತ್ತದೆ. 2019ರ ಜಾನುವಾರು ಗಣತಿಯಂತೆ ಎಂಬತ್ತನಾಲ್ಕು ಲಕ್ಷಕ್ಕೂ ಮಿಕ್ಕು ದನಗಳಿರುವ ರಾಜ್ಯದಲ್ಲಿ ಎಲ್ಲ ಕಣ್ಣುಗಳನ್ನೂ ತಜ್ಞರಿಗೇ ಒಪ್ಪಿಸುವುದು ಆಗದ ಮಾತು. ಆದಕಾರಣ ವೃತ್ತಿಯಲ್ಲಿರುವವರಿಗೆ ನೀಡುವ ನಿರಂತರ ಶಿಕ್ಷಣದ ಮೊದಲ ಗುರಿ ಪೊರೆಯ ಶಸ್ತ್ರಕ್ರಿಯೆಯನ್ನು ತೋರಿಸುವುದಾಗಿರದೆ, ಕಣ್ಣನ್ನು ಕ್ರಮವಾಗಿ ನೋಡುವುದನ್ನು ಮತ್ತೆ ಕಲಿಸುವುದಾಗಿರಬೇಕು. ಶಸ್ತ್ರಕ್ರಿಯೆಯ ಚಿತ್ರಗಳು ಸಭೆಯನ್ನು ಮೆಚ್ಚಿಸುತ್ತವೆ. ಮರುದಿನ ಚಿಕಿತ್ಸಾಲಯದಲ್ಲಿ ಅವುಗಳಿಂದ ಆಗುವ ಉಪಯೋಗ ಅತ್ಯಲ್ಪ.

ನೋಡುವುದರಲ್ಲಿ ಕ್ರಮವೇ ಮುಖ್ಯ. ಪ್ರಾಣಿಯನ್ನು ಮುಟ್ಟುವ ಮೊದಲು ಅದು ನಡೆಯುವ ರೀತಿ, ಎಡರುವ ಬಗೆ, ರೆಪ್ಪೆಗಳನ್ನು ಬಿಗಿದುಕೊಂಡಿದೆಯೇ ಎಂಬುದು, ಎರಡು ಕಣ್ಣುಗಳ ಗಾತ್ರ ಇವನ್ನು ದೂರದಿಂದ ಗಮನಿಸಬೇಕು. ಅನಂತರ ಕೈಯನ್ನು ಕಣ್ಣಿನತ್ತ ಚಾಚಿ ರೆಪ್ಪೆ ಮುಚ್ಚುವುದೇ ಎಂದು ಪರೀಕ್ಷಿಸಬೇಕು. ಗಾಳಿ ಬೀಸುವಂತೆ ಕೈ ಆಡಿಸಿದರೆ ಕುರುಡು ಪ್ರಾಣಿಯೂ ರೆಪ್ಪೆ ಹೊಡೆಯುತ್ತದೆ. ಇದು ಹುಟ್ಟಿನಿಂದ ಬಂದ ಪ್ರತಿವರ್ತನವಲ್ಲ, ಕಲಿತ ಪ್ರತಿಕ್ರಿಯೆ. ನಾಯಿಮರಿಗಳಲ್ಲಿ ಅದು ಮೂಡಲು ಹಲವು ವಾರಗಳೇ ಬೇಕು. ಇನ್ನು ಬೆಳಕಿಗೆ ಪಾಪೆ ಕುಗ್ಗಿತೆಂಬ ಮಾತ್ರಕ್ಕೆ ಪ್ರಾಣಿಗೆ ದೃಷ್ಟಿಯಿದೆ ಎಂದು ತೀರ್ಮಾನಿಸುವುದು ಸಲ್ಲದು. ಆ ಪ್ರತಿವರ್ತನದ ಹಾದಿ ಮೆದುಳಿನ ದೃಷ್ಟಿಕೇಂದ್ರವನ್ನು ಮುಟ್ಟುವುದೇ ಇಲ್ಲ.

ಯಾವ ಹನಿಯನ್ನೂ ಹಾಕುವ ಮೊದಲು ಕಣ್ಣೀರನ್ನು ಅಳೆಯಬೇಕು. 1903ರಲ್ಲಿ ಷಿರ್ಮರ್ ಸೂಚಿಸಿದ ಕಾಗದದ ಪಟ್ಟಿಯೇ ಇಂದಿಗೂ ಇದಕ್ಕೆ ಸಾಧನ. ಆರೋಗ್ಯವಂತ ನಾಯಿಯಲ್ಲಿ ಒಂದು ನಿಮಿಷಕ್ಕೆ ಪಟ್ಟಿಯು 15 ಮಿಲಿಮೀಟರಿಗೆ ಕಡಮೆಯಿಲ್ಲದಂತೆ ನೆನೆಯುತ್ತದೆ. ತಿಂಗಳುಗಟ್ಟಲೆ ಪಿಸುರು ಸುರಿಸುತ್ತ, ಮುಲಾಮಿನಿಂದ ಮುಲಾಮಿಗೆ ದಾಟುತ್ತ ಬಂದ ಎಷ್ಟೋ ನಾಯಿಗಳ ನಿಜವಾದ ರೋಗ ಒಣಗಣ್ಣು ಎಂಬುದನ್ನು ಈ ಕಾಗದದ ಚೂರು ತಿಳಿಸಬಲ್ಲುದು. ಸೋಂಕಿನ ಮಾದರಿ ತೆಗೆಯಬೇಕಿದ್ದರೆ ಅದನ್ನೂ ಈ ಹಂತದಲ್ಲಿಯೇ ತೆಗೆಯಬೇಕು. ಬಳಿಕ ಕಣ್ಣಿನ ಒಳ ಒತ್ತಡ. ಕೆಂಪಾಗಿ ನೋಯುವ ಕಣ್ಣಿನಲ್ಲಿ ಒತ್ತಡ ಏರಿದ್ದರೆ ಗ್ಲಾಕೋಮಾದ ಶಂಕೆ, ಇಳಿದಿದ್ದರೆ ಒಳಗಣ ಉರಿಯೂತದ ಶಂಕೆ. ಹೊರನೋಟಕ್ಕೆ ಎರಡೂ ಒಂದೇ. ಉರಿಯೂತದಲ್ಲಿ ನೋವನ್ನು ತಗ್ಗಿಸುವ ಅಟ್ರೋಪಿನ್, ಗ್ಲಾಕೋಮಾದಲ್ಲಿ ಕಣ್ಣನ್ನೇ ಕಳೆಯಬಲ್ಲುದು. ಪಾಪೆಯನ್ನು ಹಿಗ್ಗಿಸುವ ಹನಿಯ ಸರದಿ ಒತ್ತಡವನ್ನು ಅಳೆದ ಮೇಲೆಯೇ ಬರತಕ್ಕದ್ದು.

ಫ್ಲೋರೆಸಿನ್ ಬಣ್ಣದ ಪರೀಕ್ಷೆಯಷ್ಟು ಅಗ್ಗವೂ ಉಪಕಾರಿಯೂ ಆದುದು ಈ ಶಾಸ್ತ್ರದಲ್ಲಿ ಇನ್ನೊಂದಿಲ್ಲ. ಕಾರ್ನಿಯಾದ ಹೊರಪದರ ಇಡಿಯಾಗಿದ್ದರೆ ಬಣ್ಣ ನಿಲ್ಲುವುದಿಲ್ಲ. ಹರಿದಿದ್ದರೆ ಒಳಪದರಕ್ಕೆ ಹಿಡಿದು ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಆದರೆ ಕಲಿಕೆಯ ನಿಜವಾದ ಕಠಿಣ ಸ್ಥಳ ಇರುವುದು ಇದರ ಮುಂದೆ. ಹುಣ್ಣು ಕೊನೆಯ ತೆಳುಪೊರೆಯವರೆಗೆ ಕೊರೆದಾಗ ಆ ಪೊರೆ ಬಣ್ಣವನ್ನು ಹಿಡಿಯುವುದಿಲ್ಲ. ಸುತ್ತ ಹಸಿರು ಬಳೆ, ನಡುವೆ ಸ್ವಚ್ಛ ಕಪ್ಪು ಚುಕ್ಕೆ ಕಾಣುತ್ತದೆ. ನಡುವಿನ ಸ್ವಚ್ಛತೆಯನ್ನು ವಾಸಿಯಾಗುತ್ತಿರುವ ಲಕ್ಷಣವೆಂದು ಬಗೆದವರು, ಇನ್ನೇನು ಒಡೆಯಲಿರುವ ಕಣ್ಣನ್ನು ಮನೆಗೆ ಕಳುಹಿಸುತ್ತಾರೆ. ಹುಣ್ಣಿರುವ ಕಣ್ಣಿಗೆ ಸ್ಟಿರಾಯ್ಡ್ ಬೆರೆತ ಹನಿ ಹಾಕುವುದೂ ಇಂತಹುದೇ ಪ್ರಮಾದ. ಕೆಂಪು ಒಂದೆರಡು ದಿನ ತಗ್ಗುವುದರಿಂದ ರೈತರೂ ವೈದ್ಯರೂ ಸಮಾಧಾನಪಡುತ್ತಾರೆ. ಒಳಗೆ ಕಾರ್ನಿಯಾ ಕರಗುತ್ತಿರುತ್ತದೆ. ಕಣ್ಣಿಗೆ ಉಪ್ಪಿನ ಹುಡಿ ಊದುವ ಹಳೆಯ ರೂಢಿಯನ್ನು ಟೀಕಿಸುವ ವೃತ್ತಿ, ತನ್ನದೇ ಕಪಾಟಿನಲ್ಲಿರುವ ಈ ಹನಿಯ ಬಗೆಗೂ ಅಷ್ಟೇ ನಿಷ್ಠುರವಾಗಬೇಕಾಗಿದೆ.

ಹುಳುಗಳ ವಿಚಾರದಲ್ಲಿ ಸ್ಥಾನಜ್ಞಾನವೇ ನಿದಾನ. ದನಗಳ ಥೆಲೇಜಿಯಾ ಹುಳು ನೊಣಗಳಿಂದ ಹರಡಿ ಕಣ್ಣಿನ ಮೇಲ್ಮೈಯಲ್ಲಿ, ಮೂರನೆಯ ರೆಪ್ಪೆಯ ಮರೆಯಲ್ಲಿ ವಾಸಿಸುತ್ತದೆ. ಅರಿವಳಿಕೆಯ ಹನಿ ಹಾಕಿ ಆ ರೆಪ್ಪೆಯನ್ನು ಎತ್ತಿ ನೋಡದವರಿಗೆ ಅದು ಸಿಗುವುದಿಲ್ಲ. ಕುದುರೆಯ ಕಣ್ಣಿನಲ್ಲಿ ಕಾಣುವ ಸೆಟೇರಿಯಾದ ಕಥೆ ಬೇರೆ. ಅದರ ಸಹಜ ಆಶ್ರಯ ದನದ ಉದರಕುಹರ. ಸೊಳ್ಳೆಯ ಮೂಲಕ ಕುದುರೆಯನ್ನು ಸೇರಿದ ಎಳೆಯ ಹುಳು ದಾರಿತಪ್ಪಿ ಕಣ್ಣಿನ ಮುಂಗೋಣೆಗೆ ಬಂದು, ಅಲ್ಲಿನ ದ್ರವದಲ್ಲಿ ದಾರದ ಎಳೆಯಂತೆ ಈಜುತ್ತದೆ. ಇದನ್ನು ಹನಿಯಿಂದ ತೊಳೆದು ತೆಗೆಯಲಾಗದು. ಕೋಣೆಗೆ ರಂಧ್ರ ಮಾಡಿ ಹೊರತೆಗೆಯಬೇಕು. ತಡವಾದಷ್ಟೂ ಕಾರ್ನಿಯಾದ ಬಿಳುಪು ದಟ್ಟವಾಗುತ್ತದೆ.

ಕಣ್ಣಿನ ಬಿಳುಪು ಒಟ್ಟು ದೇಹದ ಸುದ್ದಿಯನ್ನು ಹೇಳುವ ಸಂದರ್ಭಗಳೂ ಉಂಟು. ಬೇಸಿಗೆಯ ಬಿಸಿಲು, ಧೂಳು, ನೊಣಗಳ ನಡುವೆ ಮಂದೆಯ ಹಲವು ದನಗಳಲ್ಲಿ ಕಾರ್ನಿಯಾದ ನಡುವೆ ಹುಣ್ಣೆದ್ದರೆ ಮೊರಾಕ್ಸೆಲ್ಲಾ ಸೋಂಕನ್ನು ನೆನೆಯಬೇಕು. ಎರಡೂ ಕಣ್ಣುಗಳು ಅಂಚಿನಿಂದ ಒಳಮುಖವಾಗಿ ಮಂಜಾಗುತ್ತ ಬಂದು ತೀವ್ರ ಜ್ವರವೂ ಇದ್ದರೆ ಮಾರಕ ನೆಗಡಿಜ್ವರವನ್ನು ಶಂಕಿಸಬೇಕು. ಬರಗಾಲದಲ್ಲಿ ಒಣಮೇವನ್ನೇ ತಿಂದ ದನಗಳ ಕರುಗಳು ಮುಸ್ಸಂಜೆಯಲ್ಲಿ ಎಡವಿದರೆ ಎ ಜೀವಸತ್ವದ ಕೊರತೆ. 2022ರಲ್ಲಿ ರಾಜ್ಯದಲ್ಲಿ ವ್ಯಾಪಕವಾಗಿ ಹಬ್ಬಿದ ಚರ್ಮಗಂಟು ರೋಗವೂ ಕಣ್ಣನ್ನು ಬಿಡುವಂತಹುದಲ್ಲ. ಬಿಳಿ ಮುಖದ ಮಿಶ್ರತಳಿ ಹಸುವಿನ ಮೂರನೆಯ ರೆಪ್ಪೆಯ ಮೇಲಿನ ಸಣ್ಣ ಗಂಟು ಅರ್ಬುದವಾಗಿರಬಹುದು. ಚಿಕ್ಕದಿರುವಾಗ ರೆಪ್ಪೆಯೊಂದನ್ನೇ ತೆಗೆದರೆ ಕಣ್ಣು ಉಳಿಯುತ್ತದೆ.

ಇವನ್ನೆಲ್ಲ ಉಪನ್ಯಾಸದಿಂದ ಕಲಿಸಲಾಗದು. ಮಾಂಸದಂಗಡಿಯಲ್ಲಿ ದೊರೆಯುವ ಕುರಿ ಮೇಕೆಗಳ ಕಣ್ಣುಗಳ ಮೇಲೆ ಹುಣ್ಣನ್ನು ಕೃತಕವಾಗಿ ಮಾಡಿ, ಬಣ್ಣ ಹಾಕಿ, ಆಳವನ್ನು ಅಂದಾಜಿಸುವ ಅಭ್ಯಾಸಕ್ಕೆ ಖರ್ಚು ಹೆಚ್ಚಿಲ್ಲ. ಮುದಿ ನಾಯಿಯ ನೀಲಿ ಛಾಯೆಯ ಮಸೂರವನ್ನೂ ಪೊರೆಯನ್ನೂ ಬೇರ್ಪಡಿಸುವುದಕ್ಕೆ ಕೈಯಳತೆ ದೂರದಿಂದ ಹಿಡಿದ ಒಂದು ದೀಪ ಸಾಕು: ಮುಪ್ಪಿನ ಮಸೂರದ ಮೂಲಕ ಕಣ್ಣಿನ ಹಿಂಬದಿಯ ಹೊಳಪು ತೂರಿ ಬರುತ್ತದೆ, ಪೊರೆ ಅದನ್ನು ತಡೆದು ಕಪ್ಪಾಗಿ ಕಾಣಿಸುತ್ತದೆ. ರೆಪ್ಪೆಯನ್ನು ಮುಚ್ಚುವ ನರಕ್ಕೆ ಅರಿವಳಿಕೆಯ ಚುಚ್ಚುಮದ್ದು ಕೊಡುವುದನ್ನಂತೂ ಪ್ರತಿಯೊಬ್ಬ ಶಿಬಿರಾರ್ಥಿಯೂ ತನ್ನ ಕೈಯಿಂದಲೇ ಮಾಡಿ ಕಲಿಯಬೇಕು. ಆಳವಾದ ಹುಣ್ಣಿರುವ ಕುದುರೆ ರೆಪ್ಪೆಯನ್ನು ಬಿಗಿಹಿಡಿದಾಗ ಬಲವಂತದಿಂದ ತೆರೆಯಹೋದರೆ, ಪರೀಕ್ಷೆಯ ಒತ್ತಡಕ್ಕೇ ಕಣ್ಣು ಒಡೆಯುವುದುಂಟು.