ಹೊಳೆಯ ತಳಕ್ಕೆ ಮರಳಿದ ಕಲ್ಲು

ಚಿಕ್ಕಂದಿನಲ್ಲಿ ಊರ ಹೊಳೆಗೆ ಗಾಳ ಹಾಕಿ ಕುಳಿತವರಿಗೆ ಹೇಳಿಕೊಡಬೇಕಾದುದಿಲ್ಲ: ಬರಿಯ ಮರಳಿರುವ ಕಡೆಗಿಂತ ಬಂಡೆಯ ಮಗ್ಗುಲಲ್ಲಿ ಮೀನು ಕಚ್ಚುವುದು ಹೆಚ್ಚು. ಹಾಗಾದರೆ ಬಂಡೆಯಿಲ್ಲದ ಕಡೆ ನಾವೇ ಕಲ್ಲು ತಂದು ಸುರಿದರೆ ಮೀನು ಹೆಚ್ಚೀತೆ? ಅಮೆರಿಕ, ಕೆನಡಗಳ ಗಡಿಯಲ್ಲಿ ಹರಿಯುವ ಡೆಟ್ರಾಯ್ಟ್ ನದಿಯಲ್ಲಿ ಇದನ್ನು ಮಾಡಿ ನೋಡಿದ್ದಾರೆ. ನಮ್ಮಂಥ ಗುಮಾಸ್ತರಿಗೆ ಈ ಕತೆ ವಿಶೇಷವಾಗಿ ರುಚಿಸುತ್ತದೆ. ಒಂದು ಇಲಾಖೆ ಕಿತ್ತ ಕಲ್ಲಿಗೆ ಬದಲಾಗಿ ಇನ್ನೊಂದು ಇಲಾಖೆ ಹಣ ತೆತ್ತು ಕಲ್ಲು ಹಾಕಿದ ಕತೆಯಲ್ಲವೆ ಇದು!

ನಮ್ಮ ನದಿಗಳ ಲೆಕ್ಕದಲ್ಲಿ ಇದು ತೀರ ಗಿಡ್ಡ ನದಿ. ಸೇಂಟ್ ಕ್ಲೇರ್ ಸರೋವರದ ನೀರನ್ನು ಈರೀ ಸರೋವರಕ್ಕೆ ಒಯ್ಯುವುದಷ್ಟೇ ಇದರ ಕೆಲಸ. ಆದರೆ ಕಬ್ಬಿಣದ ಅದಿರು ಹೊತ್ತ ಹಡಗುಗಳಿಗೆ ಇದೇ ಹೆದ್ದಾರಿ. ಹಡಗಿನ ತಳ ತಾಗದಿರಲೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1960ರ ದಶಕದವರೆಗೂ ಇದನ್ನು ಅಗೆದರು, ಆಳ ಮಾಡಿದರು. 1912ರಲ್ಲಿ ತೆರೆದ ಲಿವಿಂಗ್‌ಸ್ಟನ್ ಕಾಲುವೆಗಾಗಿ ಹೊಳೆಯ ಒಂದು ಭಾಗಕ್ಕೆ ಒಡ್ಡು ಹಾಕಿ, ನೀರು ಬಸಿದು, ತಳದ ಸುಣ್ಣಕಲ್ಲನ್ನು ಸಿಡಿಮದ್ದಿನಿಂದ ಒಡೆದರು. ಆ ಕಲ್ಲಿನ ಸಂದುಗಳೇ ಮೀನುಗಳ ಹೆರಿಗೆಮನೆಯಾಗಿದ್ದವೆಂದು ಆಗ ಯಾರೂ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಸ್ಟರ್ಜನ್ ಎಂಬ ಮೀನನ್ನೇ ನೋಡಿ. ಆಳೆತ್ತರ ಬೆಳೆಯುತ್ತದೆ, ಹೆಣ್ಣು ನೂರು ವರ್ಷ ದಾಟುವುದೂ ಉಂಟು. ಬಲೆ ಹರಿಯುತ್ತದೆಂಬ ಸಿಟ್ಟಿಗೆ ಹಿಂದಿನವರು ಇದನ್ನು ಹಡಗಿನ ಒಲೆಗೆ ಸೌದೆಯಂತೆ ಹಾಕುತ್ತಿದ್ದರಂತೆ. ಆಮೇಲೆ ಇದರ ಮೊಟ್ಟೆಗೆ ಬೆಲೆ ಬಂದಾಗ ಹಿಡಿದು ಹಿಡಿದು ಮುಗಿಸಿದರು. ಅಂಟಂಟಾದ ಆ ಮೊಟ್ಟೆಗಳು ಕಲ್ಲಿನ ಸಂದಿಗೆ ಬಿದ್ದು ಅಲ್ಲಿಯೇ ಕಚ್ಚಿಕೊಳ್ಳಬೇಕು. ಒಡೆದು ಬಂದ ಮರಿಗಳೂ ಕೆಲವು ದಿನ ಅಲ್ಲಿಯೇ ಅವಿತಿದ್ದು, ಆಮೇಲೆ ರಾತ್ರಿಯ ಹೊತ್ತು ಪ್ರವಾಹದೊಡನೆ ಹೊರಡುತ್ತವೆ. ಸಂದು ಇಲ್ಲದಿದ್ದರೆ ಮೊಟ್ಟೆಗಳು ಚಿಕ್ಕ ಮೀನುಗಳ ಪಾಲು. ಮೇಲುಹೊಳೆಯಾದ ಸೇಂಟ್ ಕ್ಲೇರ್ ನದಿಯಲ್ಲಿ, ಹಳೆಯ ಹಬೆಹಡಗುಗಳು ಸುರಿದ ಕಲ್ಲಿದ್ದಲ ಕಿಟ್ಟದ ಮೇಲೆಯೇ ಸ್ಟರ್ಜನ್ ಮೊಟ್ಟೆಯಿಡುವುದನ್ನು ವಿಜ್ಞಾನಿಗಳು ಕಂಡರು. ಅದಕ್ಕೆ ಬೇಕಾದದ್ದು ಕಲ್ಲಿನ ಜಾತಿಯಲ್ಲ, ಅದರ ನಡುವಣ ಎಡೆ!

2004ರಲ್ಲಿ ಬೆಲ್ ಐಲ್ ದ್ವೀಪದ ಬಳಿ ಮೊದಲ ಕಲ್ಲುಹಾಸು ಆಯಿತು. 2008ರಲ್ಲಿ ಫೈಟಿಂಗ್ ದ್ವೀಪದ ಬಳಿ, ಕೆನಡದ ನೀರಿನಲ್ಲಿ, 12 ಹಾಸುಗಳನ್ನು ಹಾಕಿದರು. ಮರು ವಸಂತಕ್ಕೇ, 2009ರಲ್ಲಿ, ಸ್ಟರ್ಜನ್ ಬಂದು ಮೊಟ್ಟೆಯಿಟ್ಟಿತು. ಅದಕ್ಕೆ ಹಿಂದಿನ 30 ವರ್ಷಗಳಲ್ಲಿ ಆ ಭಾಗದಲ್ಲಿ ಹಾಗೆ ಕಂಡುಬಂದದ್ದೇ ಇರಲಿಲ್ಲ. ವಸಂತದಲ್ಲಿ ಗಾಳಗಾರರ ದೋಣಿಗಳು ಹೊಳೆಯ ತುಂಬ ನೆರೆಯುವುದು ವಾಲೈ ಎಂಬ ಮೀನಿಗಾಗಿ. ಅದೂ ಈ ಹಾಸುಗಳ ಮೇಲೆ ಮೊಟ್ಟೆಯಿಡತೊಡಗಿತು.

ಎಲ್ಲವೂ ಸರಿಹೋಯಿತೆಂದಲ್ಲ. ಸೇಂಟ್ ಕ್ಲೇರ್ ನದಿಯ ಒಂದು ಕವಲಿನಲ್ಲಿ 2012ರಲ್ಲಿ ಹಾಕಿದ ಕಲ್ಲುಹಾಸಿನ ಸಂದುಗಳಲ್ಲಿ ಮರಳು ತುಂಬಿಕೊಂಡಿತು. ಮರಳು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಅಳೆದು ಜಾಗ ಆರಿಸುವುದನ್ನು ಆ ಮೇಲೆ ಕಲಿತರು. ಫ್ಲಾರಿಡದ ಕಡಲಿನಲ್ಲಿ 1970ರ ದಶಕದಲ್ಲಿ ಆದದ್ದು ಇನ್ನೂ ಕೆಟ್ಟದು. ಮೀನಿಗೆ ಮನೆಯೆಂದು ಹಳೆಯ ಮೋಟಾರು ಟೈರುಗಳನ್ನು ಲಕ್ಷಗಟ್ಟಲೆ ಮುಳುಗಿಸಿದರು. ಕಟ್ಟು ಸಡಿಲಿ ಅವು ಉರುಳಾಡಿ, ಪಕ್ಕದ ಜೀವಂತ ಹವಳವನ್ನೇ ಉಜ್ಜಿ ಹಾಕಿದವು. ಕಸ ಸಾಗಹಾಕುವ ಆತುರವೇ ಅಲ್ಲಿ ಮೀನಿನ ಮೇಲಿನ ಪ್ರೀತಿಗಿಂತ ಹೆಚ್ಚಾಗಿದ್ದಿರಬೇಕೆಂದು ನಮ್ಮ ಗುಮಾನಿ.

ಇನ್ನೊಂದು ಮಾತು. ಕಲ್ಲಿನ ಸುತ್ತ ಮೀನು ಕೂಡಿತೆಂದರೆ ಮೀನು ಹೆಚ್ಚಿತೆಂದಲ್ಲ. ಊರೆಲ್ಲ ಚದುರಿದ್ದವರು ಜಾತ್ರೆಗೆ ಸೇರಿದರೆ ಊರಿನ ಜನಸಂಖ್ಯೆ ಬೆಳೆಯುತ್ತದೆಯೆ? ಗಾಳಗಾರನಿಗೆ ಆ ದಿನ ಸುಗ್ಗಿ. ಹೊಳೆಗೆ ಮಾತ್ರ ನಷ್ಟ. ಆದ್ದರಿಂದಲೇ ಡೆಟ್ರಾಯ್ಟಿನವರು ಹಿಡಿದ ಮೀನನ್ನಷ್ಟೇ ಎಣಿಸದೆ, ಕಲ್ಲಿನ ನಡುವಣ ಮೊಟ್ಟೆಗಳನ್ನೂ ತೇಲಿಹೋಗುವ ಮರಿಗಳನ್ನೂ ಹಿಡಿದು ಲೆಕ್ಕ ಹಾಕಿದರು.

ಆ ಲೆಕ್ಕ ಇನ್ನೂ ಮುಗಿದಿಲ್ಲ. ಹೆಣ್ಣು ಸ್ಟರ್ಜನ್ ಮೊದಲ ಮೊಟ್ಟೆಯಿಡಲು ಸಾಮಾನ್ಯವಾಗಿ 20 ವರ್ಷವಾದರೂ ಬೇಕು. 2009ರಲ್ಲಿ ಫೈಟಿಂಗ್ ದ್ವೀಪದ ಕಲ್ಲುಗಳ ನಡುವೆ ಹುಟ್ಟಿದ ಹೆಣ್ಣುಮರಿಗಳಲ್ಲಿ ಬಹುಪಾಲಿಗೆ ಇನ್ನೂ ಆ ಪ್ರಾಯ ಬಂದಿಲ್ಲ.