ಸಂಬಳ, ಗಿಂಬಳ ಮತ್ತು ಹುದ್ದೆಯ ಬೆಲೆ

ಪೊಲೀಸ್ ಸುಧಾರಣೆಯ ಚರ್ಚೆಯಲ್ಲಿ ಎರಡು ಬೇಡಿಕೆಗಳು ಸದಾ ಮುಂದಿರುತ್ತವೆ: ಸಿಬ್ಬಂದಿ ಹೆಚ್ಚಿಸಬೇಕು, ಸಂಬಳ ಹೆಚ್ಚಿಸಬೇಕು. ಎರಡೂ ನ್ಯಾಯವಾದವೇ. ಹನ್ನೆರಡು ತಾಸು ಬಿಸಿಲಲ್ಲಿ ನಿಲ್ಲುವ ಕಾನ್‌ಸ್ಟೆಬಲ್‌ಗೆ ಮನೆ ನಡೆಸುವಷ್ಟು ಸಂಬಳ ಸಿಗಬೇಕು ಎನ್ನಲು ಬೇರೆ ಕಾರಣವೇ ಬೇಡ. ಆದರೆ ಇವೆರಡನ್ನು ಮಾಡಿದರೆ ಲಂಚ ತಾನಾಗಿಯೇ ಇಳಿಯುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಿ ನೋಡಬೇಕು. 2004ರಲ್ಲಿ ಜಾರ್ಜಿಯಾ, 2010ರಲ್ಲಿ ಘಾನಾ ಈ ಪರೀಕ್ಷೆಗೆ ಇಳಿದವು. ಎರಡೂ ದೇಶಗಳು ಪೊಲೀಸರ ಸಂಬಳ ಏರಿಸಿದವು. ಫಲ ಮಾತ್ರ ತದ್ವಿರುದ್ಧ.

ಮೊದಲು ಸಿಬ್ಬಂದಿಯ ಲೆಕ್ಕ. ಸರ್ಕಾರ ಒಪ್ಪಿಗೆ ಕೊಟ್ಟ ಹುದ್ದೆಗಳು ‘ಮಂಜೂರಾದ ಬಲ’. ಅದರಲ್ಲಿ ಭರ್ತಿಯಾದವು ‘ಹಾಲಿ ಬಲ’. ನಡುವಿನ ಅಂತರವೇ ಖಾಲಿ ಹುದ್ದೆ. ಇವನ್ನು ಲಕ್ಷ ಜನಸಂಖ್ಯೆಗೆ ಇಷ್ಟು ಎಂದು ಹೇಳುವುದು ರೂಢಿ. ಲಕ್ಷಕ್ಕೆ 222 ಪೊಲೀಸರು ಇರಬೇಕೆಂಬುದು ವಿಶ್ವಸಂಸ್ಥೆಯ ಶಿಫಾರಸು ಎಂದು ಭಾರತದ ಪತ್ರಿಕೆಗಳು ವರ್ಷಗಳಿಂದ ಬರೆಯುತ್ತ ಬಂದಿವೆ. ಎಲ್ಲ ದೇಶಗಳಿಗೂ ಅನ್ವಯಿಸುವ ಅಂಥ ಮಾನದಂಡವೇನೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಒಟ್ಟು ಸಂಖ್ಯೆ ಠಾಣೆಯ ನಿಜಸ್ಥಿತಿಯನ್ನು ಮರೆಮಾಚುತ್ತದೆ. ಹಾಜರಿ ಪುಸ್ತಕದಲ್ಲಿ ಐವತ್ತು ಹೆಸರಿದ್ದರೂ ಬಂದೋಬಸ್ತ್, ಕೋರ್ಟ್ ಡ್ಯೂಟಿ, ಸಮನ್ಸ್ ಜಾರಿ, ಕೈದಿಗಳ ಬೆಂಗಾವಲು, ಗಣ್ಯರ ಭದ್ರತೆ ಎಂದು ಹಂಚಿಹೋದ ಮೇಲೆ ದೂರು ಕೊಡಲು ಬಂದವರ ಮಾತು ಕೇಳಲು ಉಳಿಯುವವರು ಬೆರಳೆಣಿಕೆಯಷ್ಟು ಮಂದಿ. ಎಷ್ಟು ಜನ ಎಂಬುದರ ಜೊತೆಗೆ ಎಲ್ಲಿ, ಯಾವ ಕೆಲಸಕ್ಕೆ ಎಂಬುದನ್ನೂ ಕೇಳಬೇಕು.

ಇನ್ನು ಸಂಬಳದ ಲೆಕ್ಕ. ಕಪ್ಪು ಸಮುದ್ರದ ಪೂರ್ವ ದಂಡೆಯ ಜಾರ್ಜಿಯಾ 1991ರವರೆಗೆ ಸೋವಿಯತ್ ಒಕ್ಕೂಟದ ಭಾಗ. ಅಲ್ಲಿನ ಜನಸಂಖ್ಯೆ ಇಂದಿನ ಬೆಂಗಳೂರಿನದಕ್ಕಿಂತಲೂ ಕಡಿಮೆ. ಅಲ್ಲಿನ ಸಂಚಾರಿ ಪೊಲೀಸರಿಗೆ ಕೈಗೆ ಬರುತ್ತಿದ್ದ ಸಂಬಳ ಅತ್ಯಲ್ಪ, ಅದೂ ಸಕಾಲಕ್ಕೆ ಬರುತ್ತಿರಲಿಲ್ಲ. ಆದರೂ ಆ ಕೆಲಸಕ್ಕೆ ಜನ ಸಾವಿರಾರು ಡಾಲರ್ ತೆತ್ತು ಸೇರುತ್ತಿದ್ದರು. ರಸ್ತೆಯಲ್ಲಿ ಕಾರು ತಡೆದು ವಸೂಲಿ ಮಾಡಿದ ಹಣದ ಒಂದು ಪಾಲು ಮೇಲಿನವರಿಗೆ, ಅವರಿಂದ ಇನ್ನೂ ಮೇಲಿನವರಿಗೆ ಸೇರುತ್ತಿತ್ತು. 2003ರ ನವೆಂಬರ್‌ನಲ್ಲಿ ‘ಗುಲಾಬಿ ಕ್ರಾಂತಿ’ ಎಂದು ಹೆಸರಾದ ಚಳವಳಿಯಿಂದ ಅಧ್ಯಕ್ಷ ಎಡ್ವರ್ಡ್ ಶೆವರ್ಡ್‌ನಾಡ್ಜೆ ಕೆಳಗಿಳಿದರು. ಮುಂದಿನ ವರ್ಷ ಅಧಿಕಾರಕ್ಕೆ ಬಂದ ಮಿಖೈಲ್ ಸಾಕಶ್ವಿಲಿ ಸರ್ಕಾರ ಸುಮಾರು 15 ಸಾವಿರ ಸಂಚಾರಿ ಪೊಲೀಸರನ್ನು ಒಂದೇ ಏಟಿಗೆ ಮನೆಗೆ ಕಳಿಸಿತು. ಕೆಲ ಕಾಲ ರಸ್ತೆಗಳಲ್ಲಿ ಸಂಚಾರಿ ಪೊಲೀಸರೇ ಇರಲಿಲ್ಲ. ಜನಜೀವನ ಅಸ್ತವ್ಯಸ್ತವಾದೀತು ಎಂದು ಹೆದರಿದವರಿದ್ದರು, ಹಾಗೇನೂ ಆಗಲಿಲ್ಲ.

ಹಳೆಯ ಪಡೆಯ ಜಾಗಕ್ಕೆ ಗಸ್ತು ಪೊಲೀಸ್ ಎಂಬ ಹೊಸ, ಚಿಕ್ಕ ಪಡೆ ಬಂತು. ಸೇರಿದವರಲ್ಲಿ ಬಹುಪಾಲು ಯುವಕ ಯುವತಿಯರು, ಪೊಲೀಸ್ ಕೆಲಸ ಕಂಡರಿಯದವರು. ಸಂಬಳ ಹಲವು ಪಟ್ಟು ಏರಿತು. ಆರಂಭದ ಹಣದ ಒಂದಷ್ಟು ಭಾಗ ವಿದೇಶಿ ದಾನಿಗಳಿಂದ ಬಂತು. ಹೊಸ ಸಮವಸ್ತ್ರ, ಹೊಸ ಫೋಕ್ಸ್‌ವ್ಯಾಗನ್ ಕಾರುಗಳು, ಹೊರಗಿನಿಂದ ಒಳಗೆಲ್ಲ ಕಾಣುವ ಗಾಜಿನ ಗೋಡೆಯ ಠಾಣೆಗಳು ಬಂದವು. ಪ್ರಪಂಚದ ಪತ್ರಿಕೆಗಳು ಆ ಗಾಜಿನ ಕಟ್ಟಡಗಳ ಚಿತ್ರವನ್ನೇ ಹೆಚ್ಚಾಗಿ ಅಚ್ಚು ಹಾಕಿದವು. ಆದರೆ ವ್ಯತ್ಯಾಸ ತಂದದ್ದು ಕಣ್ಣಿಗೆ ಕಾಣದ ಎರಡು ಏರ್ಪಾಡುಗಳು. ಒಂದು, ದಂಡವನ್ನು ರಸ್ತೆಯಲ್ಲಿ ನಗದಾಗಿ ಪಡೆಯದೆ ಬ್ಯಾಂಕಿನಲ್ಲಿ ಕಟ್ಟಿಸಿಕೊಂಡದ್ದು. ಎರಡು, ಮಾರುವೇಷದ ತಪಾಸಣೆ. ರಾತ್ರಿ ಹೊತ್ತು ಹೆಡ್‌ಲೈಟ್ ಉರಿಯದ ಕಾರೊಂದು ಬರುತ್ತದೆ, ಗಸ್ತಿನವರು ನಿಲ್ಲಿಸುತ್ತಾರೆ, ಚಾಲಕ ರಸೀದಿ ಬೇಡ, ಇಲ್ಲೇ ಮುಗಿಸೋಣ ಎಂದು ನೋಟು ಚಾಚುತ್ತಾನೆ. ಆ ಚಾಲಕ ಇಲಾಖೆಯೇ ಕಳಿಸಿದವನಾಗಿರಬಹುದು. ನೋಟಿಗೆ ಕೈಯೊಡ್ಡಿದವರ ನೌಕರಿ ಹೋಯಿತು. 2010ರ ಹೊತ್ತಿಗೆ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ ಸಮೀಕ್ಷೆಯಲ್ಲಿ ಲಂಚ ಕೊಟ್ಟೆವು ಎಂದ ಜಾರ್ಜಿಯನ್ನರು ನೂರಕ್ಕೆ ಮೂವರು ಮಾತ್ರ.

ಅದೇ 2010ರಲ್ಲಿ ಪಶ್ಚಿಮ ಆಫ್ರಿಕಾದ ಘಾನಾ ತನ್ನ ಪೊಲೀಸರ ಸಂಬಳವನ್ನು ಇಮ್ಮಡಿ ಮಾಡಿತು. ರಸ್ತೆಯ ಮೇಲಿನ ಚಿಲ್ಲರೆ ಲಂಚ ನಿಲ್ಲಲಿ ಎಂಬುದೂ ಅದರ ಒಂದು ಉದ್ದೇಶ. ನೆರೆಯ ದೇಶಗಳಲ್ಲಿ ಪೊಲೀಸರ ಸಂಬಳ ಇದ್ದಷ್ಟೇ ಇತ್ತು. ಆ ವೇಳೆಗಾಗಲೇ ಗಡಿ ದಾಟಿ ಓಡಾಡುವ ಲಾರಿಗಳ ಚಾಲಕರಿಂದ ಎಲ್ಲೆಲ್ಲಿ, ಯಾರಿಗೆ, ಎಷ್ಟು ಕೊಟ್ಟಿರಿ ಎಂಬ ವಿವರ ಸಂಗ್ರಹವಾಗುತ್ತಿತ್ತು. ಜೆರೆಮಿ ಫೋಲ್ಟ್ಸ್ ಮತ್ತು ಕ್ವೇಕು ಒಪೊಕು-ಅಗ್ಯೆಮಾಂಗ್ ಎಂಬ ಅರ್ಥಶಾಸ್ತ್ರಜ್ಞರು 2,100ಕ್ಕೂ ಹೆಚ್ಚು ಲಾರಿ ಪ್ರಯಾಣಗಳ ಈ ಲೆಕ್ಕವನ್ನು ಕೂಡಿ ಕಳೆದು ನೋಡಿದರು. ಅಧ್ಯಯನದ ಸೊಗಸು ಇರುವುದು ಹೋಲಿಕೆಯಲ್ಲಿ: ಅದೇ ಲಾರಿ ಘಾನಾದ ಪೊಲೀಸರಿಗೆ ಎಷ್ಟು ಕೊಟ್ಟಿತು, ಗಡಿಯಾಚೆಯ ಪೊಲೀಸರಿಗೆ ಎಷ್ಟು, ಘಾನಾದಲ್ಲೇ ಸುಂಕದ ಅಧಿಕಾರಿಗಳಿಗೆ ಎಷ್ಟು. ಸಂಬಳ ಏರಿದ ಮೇಲೆ ಘಾನಾದ ಪೊಲೀಸರು ವಸೂಲಿಗೆ ಇನ್ನಷ್ಟು ಹೆಣಗಿದರು. ಚಾಲಕರು ತೆತ್ತ ಒಟ್ಟು ಹಣ ಹೆಚ್ಚಾಯಿತು.

ಇದು ಹೇಗಾಯಿತು ಎಂಬುದೇ ಈ ಅಧ್ಯಾಯದ ತಿರುಳು. ಎಡವುವವರು ಹೆಚ್ಚಾಗಿ ಎಡವುವುದೂ ಇಲ್ಲೇ.

ಸಂಬಳ ಹೆಚ್ಚಿದರೆ ಲಂಚ ಇಳಿಯುತ್ತದೆ ಎನ್ನಲು ಎರಡು ತರ್ಕಗಳಿವೆ. ಮೊದಲನೆಯದು ಹೊಟ್ಟೆಪಾಡಿನದು: ಸಂಬಳ ಸಾಲದವನು ಗಿಂಬಳಕ್ಕೆ ಕೈ ಚಾಚುತ್ತಾನೆ, ಸಾಕಷ್ಟು ಬಂದರೆ ಬಿಡುತ್ತಾನೆ. ಸಂಬಳ ಹಸಿವಿನ ಗೆರೆಯ ಹತ್ತಿರ ಇರುವ ಕಡೆ ಇದರಲ್ಲಿ ಹುರುಳಿದೆ. ಎರಡನೆಯದು ನಷ್ಟದ ಭಯದ್ದು. ಗ್ಯಾರಿ ಬೆಕರ್ ಮತ್ತು ಜಾರ್ಜ್ ಸ್ಟಿಗ್ಲರ್ 1974ರಲ್ಲಿ ಇದನ್ನು ಸ್ಪಷ್ಟವಾಗಿ ಮಂಡಿಸಿದರು: ಒಳ್ಳೆಯ ಸಂಬಳದ ಕೆಲಸ ಕಳೆದುಕೊಳ್ಳಲು ಯಾರಿಗೂ ಮನಸ್ಸಿರುವುದಿಲ್ಲ, ಆದ್ದರಿಂದ ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ಎಂಬ ಅಂಜಿಕೆ ಸಂಬಳದ ಜೊತೆಗೇ ಬೆಳೆಯುತ್ತದೆ. ಈ ತರ್ಕದ ಜೀವ ಇರುವುದು ‘ಸಿಕ್ಕಿಬಿದ್ದರೆ’ ಎಂಬಲ್ಲಿ. ಸಿಕ್ಕಿಬೀಳುವ ಸಾಧ್ಯತೆ ಸೊನ್ನೆಯಾದರೆ ಸಂಬಳ ಎಷ್ಟೇ ಏರಿದರೂ ಭಯ ಸೊನ್ನೆಯೇ. ಜಾರ್ಜಿಯಾ ಸಂಬಳದ ಜೊತೆಗೆ ಹೆಡ್‌ಲೈಟ್ ಇಲ್ಲದ ಕಾರನ್ನೂ ರಸ್ತೆಗೆ ಬಿಟ್ಟಿತ್ತು.

ಎರಡೂ ತರ್ಕಗಳು ಮರೆಯುವ ಮೂರನೆಯ ಸಂಗತಿ, ಹುದ್ದೆಯ ಬೆಲೆ. ರಾಬರ್ಟ್ ವೇಡ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ಕಾಲುವೆ ನೀರಾವರಿಯ ಕುರಿತ 1982ರ ಅಧ್ಯಯನದಲ್ಲಿ, ಎಂಜಿನಿಯರುಗಳು ಆಯಕಟ್ಟಿನ ಜಾಗಗಳಿಗೆ ವರ್ಗವಾಗಲು ಹಣ ಕೊಡುವುದನ್ನು, ಆ ಜಾಗದ ‘ಆದಾಯ’ಕ್ಕೆ ತಕ್ಕಂತೆ ಮೊತ್ತ ಏರಿಳಿಯುವುದನ್ನು ಬಿಡಿಸಿ ತೋರಿಸಿದರು. ಪೊಲೀಸ್ ಠಾಣೆಗೆ ಇದನ್ನು ಅನ್ವಯಿಸಿ ಒಂದು ಕಾಲ್ಪನಿಕ ಲೆಕ್ಕ ಹಾಕಬಹುದು. ಹೆದ್ದಾರಿ, ಮರಳು ಸಾಗಣೆ, ಬಾರು, ಲಾಡ್ಜುಗಳೆಲ್ಲ ಇರುವ ಒಂದು ಠಾಣೆಯ ಇನ್‌ಸ್ಪೆಕ್ಟರ್ ಹುದ್ದೆಗೆ ಸಾಲ ಮಾಡಿ 24 ಲಕ್ಷ ಕೊಟ್ಟು ಬಂದವರು ವರ್ಷದೊಳಗೆ ಎತ್ತಂಗಡಿಯಾಗುವ ಅಂದಾಜಿದ್ದರೆ, ಬರೀ ಅಸಲು ಎತ್ತಲು ತಿಂಗಳಿಗೆ 2 ಲಕ್ಷ ಬೇಕು. ಸಂಬಳ ತಿಂಗಳಿಗೆ 20 ಸಾವಿರ ಹೆಚ್ಚಿತು ಎನ್ನೋಣ. ಸಾಲದ ಮುಂದೆ ಅದು ಎಲ್ಲಿಗೂ ಸಾಲದು. ಇನ್ನೂ ಮುಂದೆ ಹೋದರೆ, ಸಂಬಳ ಏರಿದಾಗ ಹುದ್ದೆಯ ಒಟ್ಟು ಲಾಭವೂ ಏರುತ್ತದೆ. ಅದನ್ನು ಕೊಡಿಸುವವರು ಮುಂದಿನ ಸಲ 24ರ ಬದಲು 26 ಕೇಳುತ್ತಾರೆ. ಖಜಾನೆಯಿಂದ ಕೆಳಗಿನವರ ಕೈಗೆ ಬಂದ ಹಣ ಬಂದ ದಾರಿಯಲ್ಲೇ ಮೇಲಕ್ಕೆ ಹರಿಯುತ್ತದೆ. ನೌಕರನನ್ನು ತೃಪ್ತಿಪಡಿಸಲು ಹೊರಟ ಸುಧಾರಣೆ ಹುದ್ದೆ ಮಾರುವವರ ಜೇಬು ತುಂಬುತ್ತದೆ. ಘಾನಾದ ಫಲಿತಾಂಶಕ್ಕೆ ಇದೊಂದೇ ಕಾರಣ ಎನ್ನಲಾಗದು, ಆದರೆ ಹುದ್ದೆ ಮಾರಾಟವಾಗುವ ಯಾವ ದೇಶದಲ್ಲೂ ಇದನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ. ಜಾರ್ಜಿಯಾ ಇಡೀ ಪಡೆಯನ್ನೇ ವಿಸರ್ಜಿಸಿದಾಗ ಹಳೆಯ ಖರೀದಿಗಳೆಲ್ಲ ಒಮ್ಮೆಗೇ ರದ್ದಾದವು. ಹೊಸಬರು ಸಾಲವಿಲ್ಲದೆ ಬಂದರು.

ಹುದ್ದೆಯ ಬೆಲೆ ವರ್ಗಾವಣೆಗಿಂತ ಮೊದಲೇ, ನೇಮಕಾತಿಯಲ್ಲೇ ಶುರುವಾಗಬಹುದು. ಕರ್ನಾಟಕದಲ್ಲಿ ರಾಘವೇಂದ್ರ ಔರಾದ್ಕರ್ ಸಮಿತಿ ಪೊಲೀಸರ ವೇತನದ ಬಗ್ಗೆ ವರದಿ ಕೊಟ್ಟದ್ದು 2016ರಲ್ಲಿ. ಅದರ ಆಧಾರದ ಪರಿಷ್ಕರಣೆ 2019ರಲ್ಲಿ ಜಾರಿಯಾಯಿತು. ಅದು ಬಹುಕಾಲ ಕಾದಿದ್ದ ನ್ಯಾಯ. ಅದಾದ ಎರಡೇ ವರ್ಷಕ್ಕೆ, 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆಗಳನ್ನೇ ತಿದ್ದಿದ ಆರೋಪ ಹೊರಬಿತ್ತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರ ಬಂಧನವೇ ಆಯಿತು. ಪರೀಕ್ಷೆ ರದ್ದಾಗಿ 2024ರಲ್ಲಿ ಮತ್ತೆ ನಡೆಯಿತು. ಓದಿ ಪಾಸಾಗಿದ್ದ ಅಭ್ಯರ್ಥಿಗಳೂ ಅಷ್ಟು ವರ್ಷ ಕಾಯಬೇಕಾಯಿತು.

ವರ್ಗಾವಣೆಯ ವಿಷಯದಲ್ಲಿ ಭಾರತದ ಬಹುಮುಖ್ಯ ದಾಖಲೆ 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ, ವರ್ಗಾವಣೆಗೆ ಪೊಲೀಸ್ ಸಿಬ್ಬಂದಿ ಮಂಡಳಿ, ಜನರ ದೂರಿಗೆ ಪೊಲೀಸ್ ದೂರು ಪ್ರಾಧಿಕಾರ ಇವೆಲ್ಲ ಸುಪ್ರೀಂ ಕೋರ್ಟಿನ ಏಳು ನಿರ್ದೇಶನಗಳಲ್ಲಿ ಸೇರಿದ್ದವು. ನಿಗದಿತ ಅವಧಿ ಎಂಬುದು ಮೇಲ್ನೋಟಕ್ಕೆ ಒಣ ಆಡಳಿತದ ನಿಯಮ. ಮೇಲಿನ ಲೆಕ್ಕ ತಿಳಿದವರಿಗೆ ಅದರ ಬಲ ಗೊತ್ತಾಗುತ್ತದೆ: ಅವಧಿ ಗಟ್ಟಿಯಾದರೆ ನಡುವೆ ಎತ್ತಂಗಡಿ ಮಾಡುತ್ತೇವೆಂಬ ಬೆದರಿಕೆ ಸಾಗದು, ಒಂದೇ ಹುದ್ದೆಯನ್ನು ವರ್ಷಕ್ಕೆರಡು ಬಾರಿ ಮಾರಲಾಗದು. ಹಲವು ರಾಜ್ಯಗಳು ಈ ನಿರ್ದೇಶನಗಳನ್ನು ಕಾಗದದಲ್ಲಿ ಒಪ್ಪಿ, ವಿನಾಯಿತಿಗಳ ಮೂಲಕ ಸಡಿಲಿಸಿವೆ.

ರಾಜಸ್ಥಾನದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ಅಲ್ಲಿನ ಪೊಲೀಸ್ ಇಲಾಖೆಯ ಜೊತೆಗೂಡಿ 162 ಠಾಣೆಗಳಲ್ಲಿ ಇಂಥ ಕ್ರಮಗಳನ್ನು ಪ್ರಯೋಗಿಸಿ ನೋಡಿದ್ದಾರೆ. ತರಬೇತಿ ಫಲ ಕೊಟ್ಟಿತು, ವರ್ಗಾವಣೆ ತಡೆಹಿಡಿದದ್ದು ಉಪಯೋಗಕ್ಕೆ ಬಂತು; ವಾರದ ರಜೆಯಂಥ ಕ್ರಮಗಳು ಠಾಣೆಯ ಮಟ್ಟದಲ್ಲೇ ಸರಿಯಾಗಿ ಜಾರಿಯಾಗಲಿಲ್ಲ. ಕುಡಿದು ವಾಹನ ಓಡಿಸುವವರ ತಪಾಸಣೆಯ ಇನ್ನೊಂದು ಪ್ರಯೋಗ ಇನ್ನೂ ಕುತೂಹಲಕರ. ಪೊಲೀಸ್ ಲೈನಿನಲ್ಲಿ ಮೂಲೆಗುಂಪಾಗಿದ್ದವರಿಗೆ ಚೆನ್ನಾಗಿ ಕೆಲಸ ಮಾಡಿದರೆ ಒಳ್ಳೆಯ ಠಾಣೆ ಸಿಗಬಹುದು ಎಂಬ ಭರವಸೆ ಕೊಡಲಾಗಿತ್ತು. ಅವರು ಠಾಣೆಯ ಸಿಬ್ಬಂದಿಗಿಂತ ಮೇಲಾಗಿ ದುಡಿದರು. ಸಂಬಳದಲ್ಲಿ ಒಂದು ರೂಪಾಯಿ ಬದಲಾಗಿರಲಿಲ್ಲ. ಹುದ್ದೆ ದುಡ್ಡಿನ ಬದಲು ದುಡಿಮೆಗೆ ಸಿಕ್ಕರೆ ಅದೇ ಸಿಬ್ಬಂದಿ ಎಷ್ಟು ಬದಲಾಗಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಜಾರ್ಜಿಯಾದ ಕಥೆಗೆ ಇನ್ನೊಂದು ಮಗ್ಗುಲಿದೆ. ಲಂಚ ಮುಟ್ಟದ ಅದೇ ಪೊಲೀಸ್ ವ್ಯವಸ್ಥೆ 2007ರ ನವೆಂಬರ್‌ನಲ್ಲಿ ರಾಜಧಾನಿ ಟಿಬಿಲಿಸಿಯ ಪ್ರತಿಭಟನಕಾರರ ಮೇಲೆ ಮುಗಿಬಿತ್ತು. ಜೈಲುಗಳು ತುಂಬಿ ತುಳುಕಿದವು. 2012ರಲ್ಲಿ ಕೈದಿಗಳ ಚಿತ್ರಹಿಂಸೆಯ ವಿಡಿಯೊ ಹೊರಬಂದು, ಸರ್ಕಾರ ಆ ಅಕ್ಟೋಬರ್‌ನ ಚುನಾವಣೆಯಲ್ಲಿ ಸೋತಿತು. ಪ್ರಾಮಾಣಿಕ ಪೊಲೀಸ್ ಬೇರೆ, ಜನರಿಗೆ ಉತ್ತರ ಕೊಡುವ ಪೊಲೀಸ್ ಬೇರೆ. ದೂರು ಪ್ರಾಧಿಕಾರದಂಥ ಹೊರಗಿನ ಸಂಸ್ಥೆ ಬೇಕಾಗುವುದು ಇದಕ್ಕೇ.

ಈ ವಿಷಯದಲ್ಲಿ ಇನ್ನೂ ನಡೆಯಬೇಕಾದ ಅಧ್ಯಯನ ಬೆಟ್ಟದಷ್ಟಿದೆ, ಅದಕ್ಕೆ ಸಾಮಗ್ರಿ ಕೈಗೆಟುಕುವ ದೂರದಲ್ಲೇ ಇದೆ. ಕರ್ನಾಟಕದ ಅನೇಕ ಠಾಣೆಗಳಲ್ಲಿ ಅಧಿಕಾರಿಯ ಕುರ್ಚಿಯ ಹಿಂದೆ ಒಂದು ಹಲಗೆ ತೂಗುಹಾಕಿರುತ್ತದೆ; ಅಲ್ಲಿ ಕೆಲಸ ಮಾಡಿದವರ ಹೆಸರು, ಬಂದ ದಿನಾಂಕ, ಹೋದ ದಿನಾಂಕ ಸಾಲಾಗಿ ಬರೆದಿರುತ್ತವೆ. ಎಷ್ಟು ಮಂದಿ ಎರಡು ವರ್ಷ ಪೂರೈಸಿದರು, ಹೆದ್ದಾರಿ ಬದಿಯ ಠಾಣೆಗೂ ಒಳನಾಡಿನ ಠಾಣೆಗೂ ವ್ಯತ್ಯಾಸವೆಷ್ಟು, ಸರ್ಕಾರ ಬದಲಾದ ತಿಂಗಳುಗಳಲ್ಲಿ ಹೆಸರುಗಳು ಎಷ್ಟು ಬೇಗ ಬದಲಾದವು ಎಂಬುದು ಆ ಹಲಗೆಯಿಂದಲೇ ತಿಳಿಯುತ್ತದೆ. ಎಫ್‌ಐಆರ್‌ಗಳು ಈಗ ಅಂತರ್ಜಾಲದಲ್ಲಿ ಲಭ್ಯ. ಒಂದು ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳು ಈ ಎರಡನ್ನೂ ಜೋಡಿಸಿ, ಅಧಿಕಾರಿ ನೆಲೆ ನಿಂತ ಠಾಣೆಗಳಲ್ಲಿ ದೂರುಗಳ ದಾಖಲಾತಿ ಸುಧಾರಿಸುತ್ತದೆಯೇ ಎಂದು ನೋಡಬಹುದು. ಘಾನಾದ ಲಾರಿ ಚಾಲಕರ ಲೆಕ್ಕ ಮಾಡಿದ ಕೆಲಸವನ್ನು ಕನ್ನಡನಾಡಿನಲ್ಲಿ ಆ ಹಲಗೆಗಳು ಮಾಡಿಯಾವು.